ಬಾಗಿಲಿಗೆ ಅಡ್ಡ ಮಲಗಿದವಳು

ಮಾರಿಟ್ ನನ್ನನ್ನು ಏಳು ತಿಂಗಳು ‘ನೀವು’ ಎಂದು ಕರೆದಳು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಕಪಾಳಕ್ಕೆ ಹೊಡೆದಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆ. ಅಂಗಳದ ತುಂಬ ಜನರಿರುವಾಗ ಮುಖಕ್ಕೆ ಉಗಿದಿದ್ದರೂ ಒರೆಸಿಕೊಂಡು ಚಹಾಕ್ಕೆ ಕೂರುತ್ತಿದ್ದೆ. ಹತ್ತು ವರ್ಷ ನನ್ನನ್ನು ‘ಅಲಸಂದೆ ತಿನ್ನೋನೇ’ ಎಂದು ಕೂಗಿದ ಬಾಯಿ ಒಂದು ಬೆಳಿಗ್ಗೆ ‘ದಿಯಾರಾ ಅವರೇ, ರಾತ್ರಿ ನೆಮ್ಮದಿಯಾಗಿ ಕಳೆದ್ರಾ?’ ಎಂದು ಕೇಳಿತಲ್ಲ, ಅದಕ್ಕಿಂತ ದೊಡ್ಡ ಬೈಗುಳ ನನಗೆ ಗೊತ್ತಿಲ್ಲ.

ಅವಳು ನಾರ್ವೆಯವಳು. ಮೂರು ತಿಂಗಳು ಕೆಸರು ಬಟ್ಟೆಯ ಕೆಲಸ ಕಲಿತು ಹೋಗುತ್ತೇನೆ ಎಂದು ನಮ್ಮ ಊರು ಸೆಗುವಿಗೆ ಬಂದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಬಿಸಿಲಿಗೆ ಮೂಗಿನ ಸಿಪ್ಪೆ ಏಳುತ್ತಿತ್ತು. ನಮ್ಮ ಅಂಗಳದಲ್ಲಿ ನಿಜವಾದ ಕೈ ನನ್ನ ಅಮ್ಮ ತೆನೇಬಾಳದು. ನಾನು ಎಲೆ ಕುದಿಸಿ ಬಟ್ಟೆಯನ್ನು ಹಳದಿಗೆ ಅದ್ದುವವನು, ನದಿಗೆ ಒಯ್ದು ತೊಳೆಯುವವನು, ರಾಜಧಾನಿ ಬಮಾಕೊಗೆ ಒಯ್ದು ಮಾರುವವನು. ಅಮ್ಮ ಕಬ್ಬಿಣದ ಕಡ್ಡಿಯನ್ನು ಕೆಸರಿನಲ್ಲಿ ಅದ್ದಿ ಬರೆಯುತ್ತಿದ್ದಳು. ಹಳದಿಯ ಮೇಲೆ ಬಿದ್ದ ಕೆಸರು ತೊಳೆದ ಮೇಲೆ ಕಪ್ಪಾಗಿ ಉಳಿಯುತ್ತದೆ. ಅಮ್ಮ ಚಿತ್ರವನ್ನು ಬರೆಯುತ್ತಿರಲಿಲ್ಲ, ಚಿತ್ರದ ಸುತ್ತಲಿನ ಜಾಗವನ್ನು ಕಪ್ಪು ಮಾಡುತ್ತಿದ್ದಳು. ಚಿತ್ರ ತಾನಾಗಿ ನಡುವೆ ಉಳಿಯುತ್ತಿತ್ತು. ಮಾರಿಟ್‌ಗೆ ಇದು ತಲೆಗೆ ಹೋಗಲು ಎರಡು ವರ್ಷ ಹಿಡಿಯಿತು.

ಬಂದ ನಾಲ್ಕನೇ ದಿನವೇ ಅವಳು ನನ್ನ ಹೊಟ್ಟೆಗೆ ಬೆಂಕಿ ಇಟ್ಟಳು. ಗೋಡೆಯ ಮೂಲೆಯಲ್ಲಿ ದೊಡ್ಡ ಗುಡಾಣವಿತ್ತು. ನದಿಯ ಮಡುವಿನಿಂದ ತಂದ ಕೆಸರು ಅದರಲ್ಲಿ ವರ್ಷದಿಂದ ಕೊಳೆಯುತ್ತಿತ್ತು. ಕೊಳೆತಷ್ಟೂ ಬಣ್ಣ ಗಟ್ಟಿ. ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಈ ಪುಣ್ಯಾತ್ಗಿತ್ತಿ ಅದನ್ನು ಬೀದಿಯ ಚರಂಡಿಗೆ ಸುರಿದು, ಗುಡಾಣವನ್ನು ಮರಳು ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದ್ದಳು.

‘ನಾತ ಬರ್ತಿತ್ತು. ತೊಳೆದಿಟ್ಟೆ,’ ಎಂದಳು, ನಗುತ್ತಾ.

ನಾನು ಏನೇನು ಅಂದೆನೋ ನೆನಪಿಲ್ಲ. ಬೀದಿಯ ಆ ತುದಿಯ ತನಕ ಕೇಳಿಸಿತಂತೆ. ನಮಗೆ ಬಿಳಿ ಬಟ್ಟೆ ನೇಯ್ದು ಕೊಡುವ ದ್ರಿಸ್ಸಾ ತ್ರಾವೊರೆ, ಮುದುಕ, ಮಗ್ಗ ಬಿಟ್ಟು ಕೋಲೂರಿಕೊಂಡು ಬಂದ. ಅಮ್ಮ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ಹುಡುಗಿ ಗುಡಾಣದ ಹಿಂದೆ ಅಡಗಿ ನಿಂತಿದ್ದಳು.

‘ಏನಮ್ಮಾ ನಿನ್ನ ಹೆಸರು?’ ಎಂದು ದ್ರಿಸ್ಸಾ ಕೇಳಿದ.

‘ಮಾರಿಟ್.’

‘ಅದು ಇಲ್ಲಿ ನಡೆಯಲ್ಲ. ಇವತ್ತಿಂದ ನೀನು ನ್ಯೆಲೆ. ನಮ್ಮ ಮನೆ ಹಿರೀ ಮಗಳು. ನ್ಯೆಲೆ ತ್ರಾವೊರೆ.’ ಆಮೇಲೆ ಕೋಲನ್ನು ನನ್ನ ಎದೆಗೆ ಚುಚ್ಚಿ ಹೇಳಿದ: ‘ಕೇಳಿಸ್ತೇನೋ ದಿಯಾರಾ? ಈಗ ರೇಗು ನೋಡೋಣ.’

ದಿಯಾರಾ ಮನೆತನದವನು ತ್ರಾವೊರೆ ಮನೆತನದವರ ಮೇಲೆ ರೇಗುವಂತಿಲ್ಲ. ಅವರು ಏನು ಅಂದರೂ ನಾವು ನಗಬೇಕು, ನಾವು ಅಂದರೆ ಅವರು ನಗಬೇಕು. ಅವರು ನಮ್ಮನ್ನು ಅಲಸಂದೆ ತಿನ್ನುವವರು ಅನ್ನುತ್ತಾರೆ, ನಾವು ಅವರನ್ನೂ ಹಾಗೇ ಅನ್ನುತ್ತೇವೆ. ತಾತಮುತ್ತಾತರ ಕಾಲದಿಂದ ನಡೆದುಬಂದದ್ದು. ನನ್ನ ಸಿಟ್ಟಿಗೆ ಮದ್ದು ಎಂದು ಮುದುಕ ತನ್ನ ಮನೆತನದ ಹೆಸರನ್ನೇ ಆ ಪರದೇಶದವಳ ತಲೆಗೆ ಕಟ್ಟಿಬಿಟ್ಟ.

ಅವಳು ಆ ಹೆಸರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೂರು ತಿಂಗಳು ಕಳೆಯಿತು, ಹೋಗಲಿಲ್ಲ. ಅಮ್ಮನ ಕೋಣೆಯಲ್ಲೇ ಚಾಪೆ ಹಾಕಿಕೊಂಡಳು. ಭಾನುವಾರ ಸಂತೆ ಬೀದಿಯ ಫೋನಿನಂಗಡಿಯಿಂದ ತನ್ನ ಊರಿಗೆ ಮಾತಾಡುತ್ತಿದ್ದಳು. ಅಲ್ಲಿ ಅವಳ ತಾಯಿ, ಯಾವಾಗ ಬರುತ್ತೀ ಎಂದು ಕೇಳುತ್ತಿದ್ದಳಂತೆ. ಇವಳ ಉತ್ತರ ಒಂದೇ: ‘ಈ ಸಲದ ಕೆಸರು ಹದವಾಗಲಿ.’ ಕೆಸರು ಹದವಾಗಲು ವರ್ಷ ಬೇಕು. ಅದು ಹದವಾಗುವ ಹೊತ್ತಿಗೆ ಮುಂದಿನ ಗುಡಾಣ ತುಂಬಿರುತ್ತಿತ್ತು. ಹೀಗೆ ಹನ್ನೊಂದು ಗುಡಾಣ. ಒಂಬತ್ತನೆಯದು ಹದವಾಗುವ ಮೊದಲೇ ಆ ತಾಯಿ ತೀರಿಕೊಂಡಳು. ಅವತ್ತು ಇವಳು ಫೋನಿನಂಗಡಿಯಿಂದ ಬಂದು, ಏನೂ ಹೇಳದೆ, ಸಂಜೆಯ ತನಕ ಬರೆಯುತ್ತಾ ಕೂತಿದ್ದಳು. ನನ್ನ ಅಮ್ಮ ಅವಳ ಬೆನ್ನಿಗೆ ಬೆನ್ನು ತಾಗಿಸಿ ಕೂತಳು.

ಉಳಿದ ದಿನಗಳಲ್ಲಿ ಮಾತಿಗೆ ಬರವಿರಲಿಲ್ಲ. ಬೆಳಗಾದರೆ ಶುರು.

‘ಏ ಅಲ್ಲಸಂದೆ ತಿನ್ನೋನೇ, ನಿನ್ನ ಹೊಟ್ಟೆ ಸದ್ದಿಗೆ ಕತ್ತೆ ಹೆದರಿ ಓಡ್ತು!’ ‘ಲ’ದ ಮೇಲೆ ಒತ್ತು ಕೊಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಆ ಒಂದು ಪದ ಅವಳ ನಾಲಿಗೆಗೆ ಸರಿಯಾಗಿ ಬರಲಿಲ್ಲ.

‘ಕತ್ತೆ ಓಡಿದ್ದು ನಿನ್ನ ಮೂಗು ನೋಡಿ. ನಿಮ್ಮ ತಾತ ನಮ್ಮನೆ ಕತ್ತೆ ಕಾಯ್ತಿದ್ದ, ಗೊತ್ತಾ?’

‘ನಮ್ಮ ತಾತ ಮೀನು ಹಿಡೀತಿದ್ದ. ನಿಮ್ಮ ತಾತ ಅಲ್ಲಸಂದೆ ಕದೀತಿದ್ದ. ಊರಿಗೇ ಗೊತ್ತು.’

ನನ್ನ ಹೆಂಡತಿ ಕನಿ ಸಜ್ಜೆ ಕುಟ್ಟುತ್ತಾ, ‘ಇಬ್ಬರಿಗೂ ಇವತ್ತು ಮುದ್ದೆ ಇಲ್ಲ, ಅಲಸಂದೇನೇ ಬೇಯಿಸ್ತೀನಿ’ ಎಂದು ಗದರುತ್ತಿದ್ದಳು. ಯಾರು ಏನಂದರೂ ಉರಿದುಬೀಳುವ ನನಗೆ ಮಾರಿಟ್ ಒಬ್ಬಳು ಏನಂದರೂ ನಗು ಬರುತ್ತಿತ್ತು. ಅವಳಿದ್ದಷ್ಟು ವರ್ಷ ನನ್ನ ಸಿಟ್ಟಿಗೆ ಹೋಗಿ ಕೂರಲು ಒಂದು ನೆರಳಿತ್ತು. ಅದು ಆಗ ತಿಳಿಯಲಿಲ್ಲ.

ಅಮ್ಮ ಸತ್ತಾಗ ನಾನು ಬಮಾಕೊದಲ್ಲಿದ್ದೆ. ಸುದ್ದಿ ತಿಳಿದು, ಸಿಕ್ಕ ಲಾರಿ ಹತ್ತಿ ಬೆಳಿಗ್ಗೆ ಮನೆ ಮುಟ್ಟಿದೆ. ಅಷ್ಟರಲ್ಲಿ ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಿಯಾಗಿತ್ತು. ಕನಿ ಹೇಳಿದಳು, ಕೊನೆಯ ಗುಟುಕು ನೀರು ಹಾಕಿದವಳು ನ್ಯೆಲೆ, ಅಮ್ಮ ಅವಳ ಕೈ ಹಿಡಿದುಕೊಂಡೇ ಹೋದಳು ಎಂದು. ಸಮಾಧಾನಕ್ಕೆ ಹೇಳಿದ ಮಾತು. ನನಗೆ ಅದು ಮುಳ್ಳಿನ ಹಾಗೆ ನಟ್ಟಿತು. ನಾನು ಹಿಡಿಯಬೇಕಾದ ಕೈ.

ನಾಲ್ಕು ಜನ ಚಟ್ಟ ಎತ್ತಿದೆವು. ಹೊಸಿಲ ಹತ್ತಿರ ಬಂದರೆ ಬಾಗಿಲಿಗೆ ಅಡ್ಡ ಯಾರೋ ಮಲಗಿದ್ದಾರೆ. ನನ್ನ ಹಳೆಯ ಅಂಗಿಯನ್ನು ಒಳಹೊರಗು ತೊಟ್ಟು, ನನ್ನ ಹುಲ್ಲು ಟೋಪಿ ಹಾಕಿ, ತಗಡಿನ ತಟ್ಟೆ ಬಡಿಯುತ್ತಾ, ಮಾರಿಟ್.

‘ಈ ಅಲ್ಲಸಂದೆ ಮುದುಕೀನ ಎಲ್ಲಿಗೆ ಕದ್ದೊಯ್ತಿದ್ದೀರಿ? ಹತ್ತು ಕೋಲಾ ಕಾಯಿ ಇಡಿ. ಇಲ್ಲಾಂದ್ರೆ ಹೊರಗೆ ಬಿಡಲ್ಲ! ತ್ರಾವೊರೆ ಬಾಗಿಲಲ್ಲಿದ್ದಾಳೆ!’

ತಪ್ಪೇನಿಲ್ಲ. ದಿಯಾರಾ ಮನೆಯಲ್ಲಿ ಸಾವಾದರೆ ತ್ರಾವೊರೆಗಳು ಬಾಗಿಲು ಕಟ್ಟುತ್ತಾರೆ, ಸತ್ತವರನ್ನು ಆಡಿಕೊಳ್ಳುತ್ತಾರೆ, ಅಳುವವರನ್ನು ನಗಿಸುತ್ತಾರೆ. ಮನೆಯವರು, ನಮ್ಮಲ್ಲಿ ಮರ್ಯಾದೆಗೆಂದು ಕೊಟ್ಟು ಅಗಿಯುವ ಕೋಲಾ ಕಾಯಿ ಹತ್ತು ಕೈಗೆ ಹಾಕಿದರೆ ದಾರಿ ಬಿಡುತ್ತಾರೆ. ಅದು ಅವರ ಪಾಲಿನ ಕೆಲಸ. ದ್ರಿಸ್ಸಾಗೆ ಬಗ್ಗಿ ಮಲಗಲು ಆಗುತ್ತಿರಲಿಲ್ಲ, ‘ನೀನು ಹೋಗಮ್ಮಾ’ ಎಂದು ಅವಳನ್ನು ಕಳಿಸಿದ್ದ. ಅತ್ತು ಅತ್ತು ಅವಳ ಕಣ್ಣು ಬಾತುಹೋಗಿತ್ತು. ಆದರೂ ಆ ದನಿ ತೆಗೆದಿದ್ದಳು. ಅಂಗಳದಲ್ಲಿ ಹೆಂಗಸರೆಲ್ಲ ಅಳುತ್ತಲೇ ಗೊಳ್ಳನೆ ನಕ್ಕರು. ಅಮ್ಮ ಇದ್ದಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದಳು.

ನಾನು ನಗಲಿಲ್ಲ. ‘ಏಳು’ ಎಂದೆ.

‘ಕಾಯಿ ಇಡು, ಏಳ್ತೀನಿ.’

‘ಏಳೇ. ನೀನು ಯಾವ ತ್ರಾವೊರೆ? ಮುದುಕ ತಮಾಷೆಗೆ ಕೊಟ್ಟ ಹೆಸರು ಅದು. ನೀನು ಇಲ್ಲಿ ಯಾರೂ ಅಲ್ಲ. ಹೋಗಿ ನಿನ್ನ ಅಮ್ಮನ ಬಾಗಿಲಲ್ಲಿ ಮಲಗು.’

ಅವಳು ತಾಯಿಯ ಮಣ್ಣಿಗೆ ಹೋಗಿರಲಿಲ್ಲ. ನನಗದು ಗೊತ್ತಿತ್ತು. ಗೊತ್ತಿದ್ದೇ ಅಂದೆ.

ನಗು ನಿಂತಿತು. ಅವಳು ಎದ್ದು ಟೋಪಿ ತೆಗೆದು ಗೋಡೆಯ ಗೂಟಕ್ಕೆ ಹಾಕಿದಳು, ತಟ್ಟೆಯನ್ನು ಪಕ್ಕಕ್ಕಿಟ್ಟಳು, ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು. ನಾವು ಹೊತ್ತುಕೊಂಡು ಹೊರಟೆವು.

ಮಾರನೆಯ ಬೆಳಿಗ್ಗೆ ‘ನೀವು’ ಬಂತು.

ಅವಳು ಅಂಗಳ ಬಿಟ್ಟು ಹೋಗಲಿಲ್ಲ. ಅಮ್ಮ ಅರ್ಧಕ್ಕೆ ಬಿಟ್ಟಿದ್ದ ಬಟ್ಟೆಗಳನ್ನು ಒಂದೊಂದಾಗಿ ಮುಗಿಸಿದಳು. ‘ದಿಯಾರಾ ಅವರೇ, ಎಲೆ ನೀರು ಕಾದಿದೆ, ನೋಡ್ತೀರಾ?’ ‘ದಿಯಾರಾ ಅವರೇ, ನೀವು ಮೊದಲು ಊಟ ಮಾಡಿ.’ ನಾನು ಸುಮ್ಮನಿರಲಿಲ್ಲ. ನಲವತ್ತನೇ ದಿನದ ಪ್ರಾರ್ಥನೆ ಮುಗಿದದ್ದೇ ಅವಳ ಮುಂದೆ ಹೋಗಿ ನಿಂತು, ‘ಏ ತ್ರಾವೊರೆ, ಕತ್ತೆ ಕಾಯೋರ ಮೊಮ್ಮಗಳೇ, ನಿನ್ನ ಗೆರೆ ನೋಡಿದ್ರೆ ಹಲ್ಲಿ ನಡೆದ ಹಾಗಿದೆ!’ ಎಂದೆ. ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಹೌದು, ಇಲ್ಲಿ ಸ್ವಲ್ಪ ಸೊಟ್ಟ ಆಗಿದೆ. ಸರಿ ಮಾಡ್ತೀನಿ’ ಎಂದಳು. ನಾನು ಸಿಟ್ಟಿಗೆ ಎಲೆ ನೀರಿನ ಬೋಗುಣಿ ಒದ್ದೆ. ಅವಳು ಒರೆಸುವ ಬಟ್ಟೆ ತಂದಳು.

‘ಒದ್ದು ಸರಿಹೋಗೋ ಕೆಲಸ ಅಲ್ಲ ಇದು,’ ಎಂದಳು ಕನಿ. ‘ಬಾಯಲ್ಲಿ ಕೆಡಿಸಿದ್ದೀಯ. ಬಾಯಲ್ಲೇ ಸರಿಮಾಡು.’

ಹತ್ತು ಕೋಲಾ ಕಾಯಿ ಕೊಂಡೆ, ಐದು ಕೆಂಪು, ಐದು ಬಿಳಿ. ಎಲೆಯಲ್ಲಿ ಸುತ್ತಿ ದ್ರಿಸ್ಸಾನ ಮನೆಗೆ ಒಯ್ದೆ. ನಮ್ಮಲ್ಲಿ ತಪ್ಪೊಪ್ಪಿಕೊಂಡು ಕಾಯಿ ಕೊಡುವುದು ಮನೆತನದ ಹಿರಿಯನಿಗೆ. ಮುದುಕ ಮಗ್ಗದ ಮುಂದೆ ಕೂತಿದ್ದ.

‘ಏನಿದು?’

‘ಅವತ್ತಿನ ಬಾಗಿಲ ಕಾಯಿ.’

‘ನಾನು ನಿನ್ನ ಬಾಗಿಲಲ್ಲಿ ಮಲಗಿದ್ನಾ?’

‘ನಿಮ್ಮ ಮನೆತನದ್ದು ತಾನೇ ಅಜ್ಜ. ನೀನು ತಗೊಂಡ್ರೆ ಮುಗೀತು.’

‘ಮುಗಿಯೋದು ನಿನಗೆ ಮಾತ್ರ.’ ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಎಸೆದ. ‘ಮಲಗಿದವಳ ಕೈಗೆ ಹಾಕು. ಹೋಗು. ಅಲಸಂದೆ ತಿಂದು ತಿಂದು ತಲೆಯೂ ಹಾಗೇ ಆಗಿದೆ ನಿನಗೆ.’

ಹೋಗಬೇಕಿತ್ತು. ಇವತ್ತು ಬೇಡ ನಾಳೆ ಎಂದುಕೊಂಡೆ. ನಾಳೆ ಅವಳೇ ಮೊದಲು ನಗಲಿ ಎಂದುಕೊಂಡೆ. ಕಾಯಿ ಒಣಗಿ ಕರಕಾದವು. ಬಿಸಾಕಿ ಮತ್ತೆ ಹತ್ತು ಕೊಂಡೆ, ಅವೂ ಒಣಗಿದವು.

ಅಷ್ಟರಲ್ಲಿ ಬಮಾಕೊದಲ್ಲಿ ಸೈನಿಕರು ಗದ್ದುಗೆ ಹಿಡಿದರು. ಉತ್ತರದಲ್ಲಿ ಬಂದೂಕಿನ ಸದ್ದು. ಹೊರದೇಶದವರೆಲ್ಲ ಹೊರಟರು. ಅವಳ ದೇಶದವರಿಂದಲೂ ಫೋನು ಬಂತು. ನಾಳೆ ಬೆಳಿಗ್ಗೆಯ ಬಸ್ಸು ಎಂದು ಕನಿ ಹೇಳಿದಾಗ ನಾನು ಓಡಿಹೋಗಿ ಮೂರನೇ ಸಲ ಕಾಯಿ ತಂದೆ.

ಅವಳು ಅಮ್ಮನ ಕೋಣೆಯಲ್ಲಿ ಚೀಲ ಕಟ್ಟುತ್ತಿದ್ದಳು. ಕೈ ಚಾಚಿದೆ. ಅವಳು ಎಲೆ ಬಿಡಿಸಿ ನೋಡಿ, ಮತ್ತೆ ಮಡಿಸಿದಳು.

‘ಇದು ತ್ರಾವೊರೆಗಳಿಗೆ ಸೇರಬೇಕಾದ್ದು,’ ಎಂದಳು. ‘ನಾನು ತಗೊಳ್ಳೋದು ಹೇಗೆ? ನೀವು ಎಲ್ಲರ ಮುಂದೆ ಹೇಳಿದ್ರಲ್ಲ.’

ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಅವಳು ಪೊಟ್ಟಣವನ್ನು ನನ್ನ ಕೈಗೇ ವಾಪಸಿಟ್ಟಳು. ‘ನೀನು ತ್ರಾವೊರೆ’ ಎಂದು ಅಲ್ಲೇ ಹೇಳಬಹುದಿತ್ತು. ಆದರೆ ಹತ್ತಾರು ಜನರ ಮುಂದೆ ಕಿತ್ತುಕೊಂಡದ್ದನ್ನು ಕೋಣೆಯೊಳಗೆ ಗುಟ್ಟಾಗಿ ವಾಪಸು ಕೊಟ್ಟರೆ ಅದು ಯಾವ ನ್ಯಾಯ? ನಾಳೆ ಬಸ್ ನಿಲ್ದಾಣದಲ್ಲಿ, ಇಡೀ ಸೆಗುವಿನ ಮುಂದೆ ಕೂಗಿ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡು ಹೊರಗೆ ಬಂದೆ. ಅವಳಿಗೆ ಹೇಳಲಿಲ್ಲ.

ಬಸ್ಸು ಹೊತ್ತಿಗೆ ಮೊದಲೇ ಹೊರಟಿತ್ತು. ಆ ವಾರ ಎಲ್ಲರಿಗೂ ಆತುರ. ನಾನು ನಿಲ್ದಾಣ ಮುಟ್ಟಿದಾಗ ಅದು ಆಗಲೇ ರಸ್ತೆಗೆ ತಿರುಗುತ್ತಿತ್ತು. ಕಾಯಿಯ ಪೊಟ್ಟಣ ಎತ್ತಿ ಹಿಡಿದು ಓಡಿದೆ. ಎದೆ ಹರಿದುಹೋಗುವ ಹಾಗೆ ಕೂಗಿದೆ: ‘ತ್ರಾವೊರೆ! ಏ ತ್ರಾವೊರೆ!’

ಬಸ್ಸಿನ ಕಿಟಕಿಗಳಿಂದ ಹತ್ತು ಹನ್ನೆರಡು ತಲೆ ಹೊರಗೆ ಬಂದವು. ಗಂಡಸರು, ಹೆಂಗಸರು, ಒಬ್ಬ ಸೈನಿಕ. ನಿಲ್ದಾಣದಲ್ಲಿ ನಿಂತವರಲ್ಲೂ ಏಳೆಂಟು ಜನ ತಿರುಗಿದರು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು, ‘ಯಾವ ತ್ರಾವೊರೆ ಬೇಕಯ್ಯಾ ನಿನಗೆ? ಬಸ್ ತುಂಬ ಅವರೇ ಇದ್ದಾರೆ!’ ಎಂದು ಕೂಗಿದ. ಎಲ್ಲರೂ ನಕ್ಕರು. ಯಾರೋ ಮುದುಕಿ ‘ದಿಯಾರಾ ಇರಬೇಕು, ಅಲಸಂದೆ ಸಾಲ ಕೇಳೋಕೆ ಬಂದಿದ್ದಾನೆ!’ ಎಂದಳು. ಹೊರಗೆ ಬಂದ ಆ ತಲೆಗಳಲ್ಲಿ ಅವಳದೂ ಒಂದಿತ್ತೇ? ಧೂಳಿನಲ್ಲಿ ನನಗೆ ಕಾಣಲಿಲ್ಲ. ಹನ್ನೆರಡು ವರ್ಷವಾಯಿತು. ಆ ಕಿಟಕಿಗಳನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಇನ್ನೂ ಎಣಿಸುತ್ತಲೇ ಇದ್ದೇನೆ.

ಅವಳು ಮತ್ತೆ ಬರಲಿಲ್ಲ. ಕನಿಗೆ ವರ್ಷಕ್ಕೊಂದು ಕಾರ್ಡು ಬರುತ್ತದೆ, ನೀಲಿ ನೀರು, ಕೆಂಪು ಮನೆಗಳು. ಕೆಳಗೆ ಮಾರಿಟ್ ಎಂದು ಬರೆದಿರುತ್ತದೆ. ಅವಳು ತುಂಬಿಸಿಟ್ಟು ಹೋದ ಗುಡಾಣದ ಕೆಸರನ್ನು ಮುಟ್ಟಬೇಡ ಎಂದು ಕನಿಗೆ ಹೇಳಿದ್ದೆ. ಮೂರು ವರ್ಷ ಹಾಗೇ ಇಟ್ಟೆ. ಆಮೇಲೆ ತೆಗೆದು ಬಳಸಿದೆ. ಅಂಥ ಕಪ್ಪು ನನ್ನ ಕೈಯಲ್ಲಿ ಮತ್ತೆ ಆಗಿಲ್ಲ. ಪೇಟೆಯಲ್ಲಿ ತ್ರಾವೊರೆಗಳು ಈಗಲೂ ನನ್ನನ್ನು ಆಡಿಕೊಳ್ಳುತ್ತಾರೆ, ನಾನೂ ನಗುತ್ತೇನೆ. ಆದರೆ ಎಲ್ಲರಿಗೂ ‘ಅಲಸಂದೆ’ ಎಂಬ ಆ ಪದ ಸರಿಯಾಗಿ ಹೇಳಲು ಬರುತ್ತದೆ.

ಹೋದ ಚಳಿಗಾಲದಲ್ಲಿ ದ್ರಿಸ್ಸಾ ತೀರಿಕೊಂಡ. ಈ ಸಲ ಬಾಗಿಲು ಕಟ್ಟುವ ಸರದಿ ನಮ್ಮದು. ನಾನೇ ಹೋಗಿ ಮುದುಕನ ಕೋಲು ಹಿಡಿದು, ಹರಕು ನಿಲುವಂಗಿ ತೊಟ್ಟು, ಹೊಸಿಲ ಮೇಲೆ ಉದ್ದಕ್ಕೆ ಮಲಗಿದೆ. ‘ಈ ಅಲಸಂದೆ ಕಳ್ಳನನ್ನು ಎಲ್ಲಿಗೆ ಒಯ್ತೀರಿ? ನಲವತ್ತು ವರ್ಷ ನನಗೆ ತೂತು ಬಟ್ಟೆ ನೇಯ್ದು ಕೊಟ್ಟಿದ್ದಾನೆ, ಲೆಕ್ಕ ಆಗ್ಲಿ!’ ಎಂದು ಅರಚಿದೆ. ಅಳು ಬಂದರೂ ದನಿ ತೆಗೆಯಬೇಕು, ಅದೇ ಕೆಲಸ. ಆ ನೆಲ ಎಷ್ಟು ತಣ್ಣಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ದ್ರಿಸ್ಸಾನ ದೊಡ್ಡ ಮಗ ಅಳುತ್ತಾ ನಗುತ್ತಾ ಬಗ್ಗಿ ಹತ್ತು ಕಾಯಿಗಳನ್ನು ನನ್ನ ಅಂಗೈಗೆ ಸುರಿದು, ‘ತಗೋ ಹೊಟ್ಟೆಬಾಕ, ಏಳು’ ಎಂದ. ಎದ್ದು ದಾರಿ ಬಿಟ್ಟೆ. ಅವನ ಅಪ್ಪ ಸಲೀಸಾಗಿ ಹೊಸಿಲು ದಾಟಿದ.

ನನ್ನ ಅಮ್ಮನನ್ನು ನಾನು ಹಾಗೆ ದಾಟಿಸಲಿಲ್ಲ. ಅವತ್ತು ಬಾಗಿಲಲ್ಲಿ ಮಲಗಿದವಳಿಗೆ ಆ ಹತ್ತು ಕಾಯಿ ಇನ್ನೂ ಕೊಟ್ಟಿಲ್ಲ.