ದವಾಖಾನೆಯಾದ ನಮ್ಮ ಮನೆ

ಆಗೆಲ್ಲ ಭಾಲ್ಕಿಯ ಬೇಸಿಗೆಯ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ಬೇವಿನ ಹೂವು ಸದ್ದಿಲ್ಲದೆ ಅಂಗಳಕ್ಕೆ ಉದುರುತ್ತಿತ್ತು. ಬಾಗಿಲಿಗೆ ಇಳಿಬಿಟ್ಟ ಒದ್ದೆ ಗೋಣಿತಟ್ಟಿನ ತಣ್ಣನೆಯ ವಾಸನೆ ಮನೆಯೊಳಗೆಲ್ಲ ತುಂಬಿಕೊಂಡು, ಎಚ್ಚರವೋ ನಿದ್ದೆಯೋ ತಿಳಿಯದಂತಾಗುತ್ತಿತ್ತು. ಪಕ್ಕದ ಮನೆಯ ಮಹಬೂಬಿ ಖಾಲಾ ನನ್ನ ಅವ್ವನ ಹತ್ತಿರ ಇಂಗ್ಲಿಷ್ ಕಲಿಯಲು ಬರುತ್ತಿದ್ದದ್ದು ಅದೇ ಹೊತ್ತಿಗೆ.

ಖಾಲಾ ಕೌದಿ ಹೊಲಿಯುವವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಮಗಳು ನಸೀಮಾಳನ್ನು ಔರಾದಿಗೆ ಕೊಟ್ಟಿದ್ದರು. ಅವಳಿಗೆ ಆಗ ದಿನ ತುಂಬುತ್ತಿತ್ತು. ಹೆರಿಗೆ ಬೀದರದ ದೊಡ್ಡ ದವಾಖಾನೆಯಲ್ಲಿ ಎಂದು ನಿಶ್ಚಯವಾಗಿತ್ತು. ಅಲ್ಲಿಯ ಬೋರ್ಡುಗಳೆಲ್ಲ ಇಂಗ್ಲಿಷಿನವು.

“ಕೇಳಿದ್ರ ಯಾರರ ಹೇಳ್ತಾರಲ್ಲ ಆಪಾ?” ಎಂದಳು ಅವ್ವ, ಮೊದಲ ದಿನ.

ಖಾಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ನಸೀಮಾನ ಅಬ್ಬಾಗ ಆರಾಮ ಇಲ್ದಾಗ ಅಲ್ಲೇ ಒಯ್ದಿದ್ರು ಬಾಯಿ. ಕೇಳಿದ್ರ ಕೈ ಮಾಡಿ ತೋರಿಸ್ತಾರ, ಹೋಗ್ತಾರ. ಕೇಳ್ಕೊಂತ ಕೇಳ್ಕೊಂತ ತಿರಗಾಡ್ದೆ. ನಾ ಅವರ ಹತ್ರ ಹೋಗಿ ಮುಟ್ಟೂದ್ರಾಗ ಅವರ ಜೀವ ಹೋಗಿತ್ತು. ಈ ಸಲ ನಾನೇ ಓದ್ಕೊಂಡು ಹೋಗ್ಬೇಕ್ರಿ.”

ಅವ್ವ ಸೀಮೆಸುಣ್ಣ ಹುಡುಕಲು ಎದ್ದಳು.

ಹತ್ತನೆಯ ತರಗತಿಯವರೆಗೆ ಓದಿದ್ದ ಅವ್ವ ಅಲ್ಲಿಯವರೆಗೆ ಯಾರಿಗೂ ಪಾಠ ಹೇಳಿದವಳಲ್ಲ. ಎ ಬಿ ಸಿ ಎಂದು ಸಾಲಾಗಿ ಹೇಳಿಸಿದಾಗ ಖಾಲಾ ತೂಕಡಿಸಿದರು. ಅದನ್ನು ಬಿಟ್ಟು, ನೆಲದ ಫರಸಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಒಂದೇ ಅಕ್ಷರ ಬರೆದಳು.

“ಇದು ಎಮ್ ರೀ. ನಿಮ್ಮ ಹೆಸರಿಂದು. ಮ್... ಅಂತ ಅನ್ರಿ.”

“ಎರಡು ಗುಡ್ಡ ಜೋಡಿಸಿಟ್ಟಂಗ ಅದ,” ಎಂದು ಖಾಲಾ ಅದರ ಮೇಲೆ ಬೆರಳಾಡಿಸಿದರು.

ಒಂದೊಂದೇ ಸಪ್ಪಳ ಕೂಡಿಸುವುದು ಬಂದ ಮೇಲೆ ಅವ್ವ ಇಡೀ ಮನೆಯನ್ನೇ ದವಾಖಾನೆ ಮಾಡಿದಳು. ಅಡುಗೆಮನೆಯ ಬಾಗಿಲ ಮೇಲೆ ‘ವಾರ್ಡ್’, ಹಿತ್ತಲ ಬಾಗಿಲಿಗೆ ‘ಎಕ್ಸಿಟ್’, ಬಚ್ಚಲಿಗೆ ‘ಲ್ಯಾಬ್’ ಎಂದು ಇಂಗ್ಲಿಷಿನಲ್ಲಿ ಬರೆದಳು. ನಾನು ಅಪ್ಪನ ಬಿಳಿ ಅಂಗಿ ತೊಟ್ಟ ನರ್ಸು. ತಲೆದಿಂಬನ್ನು ಕೂಸಿನಂತೆ ಸುತ್ತಿ ಒಲೆಯ ಪಕ್ಕ ಕೂತು ಕಾಯುತ್ತಿದ್ದೆ. ಹೊರಗೆ ಖಾಲಾ ಗೋಡೆ ಹಿಡಿದು, ತುಟಿ ಅಲುಗಿಸುತ್ತ, ಅಕ್ಷರದಿಂದ ಅಕ್ಷರಕ್ಕೆ ಬರುತ್ತಿದ್ದರು. ಒಮ್ಮೆ ಬಚ್ಚಲಿಗೆ ಹೊಕ್ಕು, “ಇಲ್ಲಿ ಕೂಸಿಲ್ಲ ಬಾಯಿ, ಕೊಡ ಅದ,” ಎಂದರು. ಅವ್ವ ನಕ್ಕು ನಕ್ಕು ನೆಲಕ್ಕೆ ಕೂತಳು. ಖಾಲಾನೂ ನಕ್ಕರು. ಆಮೇಲೆ ಮೂವರೂ ಸಬ್ಜಾ ಬೀಜದ ಶರಬತ್ತು ಕುಡಿದೆವು.

ಒಂದು ಮುಂಜಾನೆ, ನಸೀಮಾಳಿಗೆ ನೋವು ಶುರುವಾಗಿದೆ, ಬೀದರಕ್ಕೆ ಒಯ್ಯುತ್ತಿದ್ದೇವೆ ಎಂದು ಔರಾದಿನಿಂದ ಅಳಿಯನ ಫೋನು ಬಂತು. ಹಳೆಯ ಸೀರೆಗಳಿಂದ ಹೊಲಿದ ಪುಟ್ಟ ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಖಾಲಾ ಒಬ್ಬರೇ ಬೀದರದ ಬಸ್ಸು ಹತ್ತಿದರು. ಆ ದಿನವೆಲ್ಲ ಅವ್ವನಿಗೆ ಕೆಲಸದಲ್ಲಿ ಮನಸ್ಸಿರಲಿಲ್ಲ.

ವಾರ ಕಳೆದು ಖಾಲಾ ಬಂದವರೇ ನಮ್ಮ ಹೊಸ್ತಿಲ ಮೇಲೆ ಕೂತರು.

“ವಾರ್ಡ್ ಅಂತ ಎಲ್ಲೂ ಬರ್ದಿದ್ದಿಲ್ಲ ಬಾಯಿ. ಬ್ಯಾರೇನೇ ಇತ್ತು, ಉದ್ದಂದು.”

ಅವ್ವನ ಮುಖ ಬಾಡಿತು. “ಮತ್ತ ಹ್ಯಾಂಗ ಮಾಡಿದ್ರಿ?”

“ಮುಂದ ನನ್ನ ಎಮ್ ನಿಂತಿತ್ತು. ಕೂಡಿಸ್ಕೊಂತ ಹೋದೆ. ಮ್ಯಾಟ... ಮ್ಯಾಟರ್... ಮುಂದ ಬರಲಿಲ್ಲ. ಆದ್ರ ಅಳಿಯ ಫೋನ್ನಾಗ ಮೆಟರ್ನಿಟಿ ಅಂದಿದ್ದ. ಅದೇ ಇರ್ಬೇಕಂತ ಒಳಗ ಹೋದೆ.”

“ನಸೀಮಾ ಸಿಕ್ಳೇನ್ರಿ?”

“ಒಬ್ಬಾಕಿನೇ ಅಳ್ತಿದ್ಳು. ಕೈ ಹಿಡ್ಕೊಂಡೆ. ಕೂಸು ಇನ್ನಾ ಹುಟ್ಟಿದ್ದಿಲ್ಲ ಬಾಯಿ. ಈ ಸಲ ಕೂಸಿಗಿಂತ ನಾನೇ ಮೊದಲ ಹೋಗಿ ಮುಟ್ಟಿದ್ದೆ.”

ಅವ್ವ ಖಾಲಾನ ಎರಡೂ ಕೈಗಳನ್ನು ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ಮೊಮ್ಮಗಳನ್ನು ನೋಡಿಕೊಳ್ಳಲು ಖಾಲಾ ಔರಾದಿಗೇ ಹೋಗಿ ನಿಂತರು. ಹೋದ ವರ್ಷ ಅಲ್ಲೇ ತೀರಿಕೊಂಡರು. ಆ ಮೊಮ್ಮಗಳು ಈಗ ಕಾಲೇಜು ಓದುತ್ತಾಳೆ. ಪಟಪಟನೆ ಇಂಗ್ಲಿಷ್ ಮಾತಾಡುತ್ತಾಳೆ. ಬೀದರದಲ್ಲಿ ನೌಕರಿ ಮಾಡುವ ನಾನೂ ದಿನವಿಡೀ ಅದನ್ನೇ ಆಡುತ್ತೇನೆ. ಆದರೆ ಒಂದು ಶಬ್ದಕ್ಕಾಗಿ ಅಷ್ಟು ಹೊತ್ತು ಕಾಯುವುದು, ಅದು ತಪ್ಪಿದರೂ ಅಷ್ಟೊಂದು ನಗುವುದು ನಮ್ಮಿಬ್ಬರಿಗೂ ಗೊತ್ತಿಲ್ಲ. ಗೊತ್ತಿದ್ದವರಲ್ಲಿ ಒಬ್ಬರು ಔರಾದಿನ ಮಣ್ಣಿನಲ್ಲಿದ್ದಾರೆ. ಇನ್ನೊಬ್ಬಳು, ನನ್ನ ಅವ್ವ, ಆ ಬೇಸಿಗೆಯ ನಂತರ ಯಾರಿಗೂ ಪಾಠ ಹೇಳಲಿಲ್ಲ.