ಹೆಂಗಸರ ಕಡೆಯ ತಗಡಿನ ಗೋಡೆ

ಕಳೆದ ತಿಂಗಳು ರಾಯಬಾಗದಿಂದ ಚಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕುಳಿತಳು. ನಿಪ್ಪಾಣಿಯವಳಿರಬೇಕು. ಅವಳ ಸೆರಗಿನಿಂದ ತಂಬಾಕಿನ ಘಾಟು ಬರುತ್ತಿತ್ತು. ಒಗೆದರೂ ಹೋಗದ ಘಾಟು ಅದು. ಬಟ್ಟೆಯಲ್ಲಲ್ಲ, ಚರ್ಮದಲ್ಲೇ ಕೂತಿರುತ್ತದೆ. ಮುಂದಿನ ಸೀಟಿನ ಹುಡುಗಿ ಮೂಗಿಗೆ ಕರವಸ್ತ್ರ ಹಿಡಿದಳು. ನಾನು ಮಾತ್ರ ಉಸಿರು ಎಳೆದುಕೊಂಡೆ. ಎರಡು ಸೀನು ಬಂದವು. ಮೂರನೆಯದು ಬರುವ ಮೊದಲೇ ಕಾಕಾ ನೆನಪಾದರು...

ಕಾಕಾ ಅಂದರೆ ನನ್ನ ಸಂಬಂಧಿಕರಲ್ಲ. ನಿಪ್ಪಾಣಿಯ ನಾಟಕದ ಬಯಲಿನಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದವರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಎಂದೆ.

ಆಗ ನನಗೆ ಇಪ್ಪತ್ನಾಲ್ಕು. ಆ ಬಯಲಿಗೆ ಹೊಂದಿಕೊಂಡಿದ್ದ ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ನರ್ಸಿಂಗ್ ಶಾಲೆಯಲ್ಲಿ ನಮ್ಮನ್ನು ಬೆಳಗಿನ ಐದಕ್ಕೆ ಎಬ್ಬಿಸುತ್ತಿದ್ದರು. ಚಾದರದ ಮೂಲೆಯ ಮಡಿಕೆ ತಪ್ಪಿದರೆ ಮೇಟ್ರನ್ ಇಡೀ ಹಾಸಿಗೆ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಹಾಗೆ ಬೆಳೆದವಳು ನಾನು. ನನ್ನಲ್ಲಿದ್ದ ಒಂದೇ ಒಂದು ಅಶಿಸ್ತೆಂದರೆ ನಾಟಕ. ಕಂಪನಿ ಬಂದು ಬಯಲಿನಲ್ಲಿ ತಗಡಿನ ಗೋಡೆ ನಿಲ್ಲಿಸಿತೆಂದರೆ ಸಂಜೆ ಆರೂಕಾಲಿನ ಆಟಕ್ಕೆ ನಾನು ಹೆಂಗಸರ ವಿಭಾಗದ ಮೂರನೆಯ ಬೆಂಚಿನಲ್ಲಿ ಇರುತ್ತಿದ್ದೆ.

ಕಾಕಾನ ಅಂಗಡಿ ಇದ್ದದ್ದು ಗಂಡಸರ ಬಾಗಿಲಿನ ಎದುರಿಗೆ. ಅಂಗಡಿಯ ಮೇಲೆ ಕಪ್ಪು ಬಣ್ಣ ಹಚ್ಚಿದ ಒಂದು ಹಲಗೆ ತೂಗುತ್ತಿತ್ತು. ಹೊಸ ನಾಟಕದ ಮೊದಲ ಆಟ ಮುಗಿದ ಕೂಡಲೇ ಕಾಕಾ ಅದರ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದರು: 'ಹದಿನೈದು ದಿನ', 'ಎರಡು ತಿಂಗಳು', ಇಲ್ಲವೇ 'ಮೂರು ದಿನ'. ನಾಟಕ ಎಷ್ಟು ದಿನ ಓಡುತ್ತದೆ ಎಂಬ ಭವಿಷ್ಯ ಅದು. ಬಸ್ಸಿನ ಕಂಡಕ್ಟರುಗಳು ಚಹಾ ಕುಡಿಯುತ್ತ ಹಲಗೆ ಓದಿಕೊಂಡು ಹೋಗುತ್ತಿದ್ದರು. ಚಿಕ್ಕೋಡಿಯ ಸ್ಟ್ಯಾಂಡಿನಲ್ಲಿ, ರಾಯಬಾಗದಲ್ಲಿ, ಅಥಣಿಯಲ್ಲಿ ಜನ ಅವರನ್ನು ಕೇಳುತ್ತಿದ್ದರು, "ಕಾಕಾ ಏನ ಬರದಾನ?" ಒಳ್ಳೆಯದು ಬರೆದಿದ್ದರೆ ಉಗಾರದಿಂದಲೂ ಕಾಗವಾಡದಿಂದಲೂ ಟ್ರ್ಯಾಕ್ಟರಿನಲ್ಲಿ ಮಂದಿ ಬರುತ್ತಿದ್ದರು. 'ಮೂರು ದಿನ' ಎಂದಿದ್ದರೆ ಬರುತ್ತಿರಲಿಲ್ಲ, ನಾಟಕ ಮೂರೇ ದಿನಕ್ಕೆ ಬೀಳುತ್ತಿತ್ತು. ಭವಿಷ್ಯ ನಿಜವಾಯಿತೆಂದು ಎಲ್ಲರೂ ತಲೆದೂಗುತ್ತಿದ್ದರು. ಬರೆದದ್ದರಿಂದಲೇ ಬಿತ್ತೋ ಏನೋ ಎಂದು ಯಾರೂ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ವಿಚಿತ್ರವೆಂದರೆ ಕಾಕಾ ಒಂದು ನಾಟಕವನ್ನೂ ಒಳಗೆ ಹೋಗಿ ನೋಡಿದವರಲ್ಲ. ಸ್ಟೋವಿನ ಪಕ್ಕ ಸ್ಟೂಲಿನ ಮೇಲೆ ಕುಳಿತು ಹೊರಗಿನಿಂದಲೇ ಕೇಳುತ್ತಿದ್ದರು. ನಮ್ಮ ಕಡೆಯ ಸಂಗೀತ ನಾಟಕಗಳಲ್ಲಿ ಹಾಡು ಮೆಚ್ಚಿಕೆಯಾದರೆ ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗುವುದು ರೂಢಿ. ಆಗ ನಟರು ದೃಶ್ಯ ನಿಲ್ಲಿಸಿ ಅದೇ ಹಾಡನ್ನು ಮತ್ತೊಮ್ಮೆ ಹಾಡಬೇಕು. ಒಂದು ವನ್ಸ್ ಮೋರ್ ಕೇಳಿಸಿದರೆ ಕಾಕಾ ಒಂದು ಖಾಲಿ ಗ್ಲಾಸನ್ನು ಅಂಗಡಿಯ ಮೇಜಿನ ಮೇಲೆ ಬೋರಲು ಹಾಕುತ್ತಿದ್ದರು. ಆಟ ಮುಗಿದ ಮೇಲೆ ಆ ಬೋರಲು ಗ್ಲಾಸುಗಳ ಸಾಲೇ ಅವರ ಪಂಚಾಂಗ.

"ಒಳಗ ಬಂದು ನೋಡಬಾರದೇನ್ರಿ?" ಎಂದು ಒಮ್ಮೆ ಕೇಳಿದ್ದೆ.

"ಕಣ್ಣು ಲಂಚ ತಿಂತಾವ್ರಿ ಸಿಸ್ಟರ್. ಚಲೋ ಸೀರಿ ಕಂಡ್ರ ಸಾಕು, ಬೇಸೂರೂ ಚಲೋ ಅನಸತೈತಿ. ಕಿವಿ ತಿನ್ನೂದಿಲ್ಲ. ಮಂದೀ ನಾಡಿ ನೀವ ನೋಡ್ರಿ, ನಾಟಕದ ನಾಡಿ ನನಗ ಬಿಡ್ರಿ."

ಆ ವರ್ಷ ಬಂದ ಕಂಪನಿ ಒಂದು ಹೊಸ ಸಂಗೀತ ನಾಟಕ ತಂದಿತ್ತು. ತಂಬಾಕಿನ ವಖಾರಿಯಲ್ಲಿ, ಅಂದರೆ ಉಗ್ರಾಣದಲ್ಲಿ, ಜರಡಿ ಹಿಡಿಯುವ ಒಬ್ಬ ವಿಧವೆ ಮತ್ತು ಅವಳ ಮಗಳ ಕತೆ. ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ವಾರಗಟ್ಟಲೆ ವಖಾರಿಗಳ ಹಿಂದಿನ ಓಣಿಯಲ್ಲಿ ಕುಳಿತು, ಹೆಂಗಸರು ಕೆಲಸ ಮಾಡುತ್ತ ಹಾಡುವ ಧಾಟಿಗಳನ್ನು ಕೇಳಿಕೊಂಡು ಬಂದು ಹಾಡು ಕಟ್ಟಿದ್ದರು. ಹಿಂದಿನ ಎರಡು ಊರುಗಳಲ್ಲಿ ಕಂಪನಿಗೆ ಚೆನ್ನಾಗಿ ಆಗಿರಲಿಲ್ಲ. ಇಲ್ಲಿಯೂ ಜನ ಒಪ್ಪದಿದ್ದರೆ ಈ ನಾಟಕವನ್ನು ಪೆಟ್ಟಿಗೆಗೆ ಹಾಕಿ ಮತ್ತೆಂದೂ ತೆಗೆಯುವುದಿಲ್ಲ ಎಂದು ಮಾಲಕರು ಹೇಳಿಬಿಟ್ಟಿದ್ದರು.

ಮೊದಲ ಆಟಕ್ಕೆ ನಾನು ಇದ್ದೆ. ಹಾಡುಗಳು ಬಂದವು, ಹೋದವು. ಗಂಡಸರ ಕುರ್ಚಿಗಳ ಕಡೆಯಿಂದ ಒಂದೂ ಕೂಗು ಏಳಲಿಲ್ಲ. ಹೊರಗೆ ಬಂದಾಗ ಕಾಕಾನ ಮೇಜಿನ ಮೇಲೆ ಒಂದೂ ಗ್ಲಾಸು ಬೋರಲು ಬಿದ್ದಿರಲಿಲ್ಲ.

ಅಂಗಡಿಯ ಖಾಯಂ ಗಿರಾಕಿಗಳಿಬ್ಬರು, ಎದುರಿನ ದರ್ಜಿ ಮತ್ತು ಊರ ಲೆಕ್ಕ ಬರೆದು ನಿವೃತ್ತರಾದ ಒಬ್ಬ ತಲಾಠಿ, ಆಗಲೇ ತೀರ್ಪು ಕೊಡುತ್ತಿದ್ದರು.

"ರಾಜಾ ಇಲ್ಲ, ರಾಣಿ ಇಲ್ಲ, ನಗಸಾಂವ ಇಲ್ಲ," ಎಂದ ದರ್ಜಿ. "ತಂಬಾಕ ಜರಡಿ ಹಿಡಿಯೂದ ನೋಡಾಕ ಚೀಟಿ ತಗೋಬೇಕೇನಲೇ? ನಮ್ಮ ಓಣ್ಯಾಗ ಹಾದ ಹೋದ್ರ ಪುಕ್ಕಟ ಕಾಣತೈತಿ."

"ಪೇಟಿ ಮಾಸ್ತರಗ ತಲಿ ಕೆಟ್ಟೈತಿ," ಎಂದರು ತಲಾಠಿ. "ರಾಗ ಬಿಟ್ಟು ವಖಾರಿ ಹಾಡ ಹಚ್ಚ್ಯಾನ. ಸೀನು ಬಂದೂವು, ವನ್ಸ್ ಮೋರ್ ಬರಲಿಲ್ಲ."

ಎಲ್ಲರೂ ನಕ್ಕರು. ಕಾಕಾ ನನ್ನ ಕಡೆ ತಿರುಗಿ, "ನೀವೇನಂತೀರಿ ಸಿಸ್ಟರ್?" ಎಂದರು. "ಮೂರ ದಿನ," ಎಂದೆ ನಾನು, ಬಹಳ ತಿಳಿದವಳ ಹಾಗೆ. ಕಾಕಾ ಸೀಮೆಸುಣ್ಣ ತೆಗೆದುಕೊಂಡು ಅದನ್ನೇ ಬರೆದರು. ಮರುದಿನ ಕಂಪನಿಯ ಆಳುಗಳು ಹಳೆಯ ಹಾಸ್ಯ ನಾಟಕದ ಪೋಸ್ಟರುಗಳನ್ನು ಹೊರಗೆ ತೆಗೆದು ಬಿಸಿಲಿಗೆ ಹರವಿದರು. ನಾಲ್ಕನೆಯ ದಿನದಿಂದ ಆ ನಾಟಕ.

ಮೂರನೆಯ ದಿನ ಬೆಳಿಗ್ಗೆ ದವಾಖಾನೆಗೆ ವಖಾರಿಯ ಒಬ್ಬ ಮಾವಶಿ ಕೆಮ್ಮಿನ ಔಷಧಕ್ಕೆ ಬಂದಿದ್ದಳು. ಐವತ್ತರ ಹೆಂಗಸು; ಆ ವಯಸ್ಸಿನವರನ್ನು ಅಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುವುದು ರೂಢಿ. ಬಾಟಲಿಗೆ ಔಷಧ ಸುರಿಯುತ್ತಿದ್ದಾಗ ಅವಳೇ ಮಾತು ತೆಗೆದಳು.

"ನಾಳಿ ವಖಾರಿ ಸೂಟಿ ಐತ್ರಿ ಬಾಯಿ. ನಮ್ಮ ಓಣಿಗೆ ಓಣೀನ ನಾಟಕಕ್ಕ ಬರಾಕತ್ತೈತಿ. ಮೊದಲನೇ ದಿನ ಹತ್ತು ಮಂದಿ ಬಂದಿದ್ವಿ. ಹೋಗಿ ಹೇಳಿದ್ವಿ ನೋಡ್ರಿ, ಈಗ ಯಾರೂ ತಡಿಯವಲ್ಲರು."

"ನಾಳೆ ಆ ನಾಟಕ ಇರೂದಿಲ್ಲ ಮಾವಶಿ. ಇವತ್ತ ಕಡೀ ಆಟ."

ಅವಳು ಬಾಟಲಿ ಹಿಡಿದಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. "ಯಾಕ್ರಿ?"

"ಯಾರಿಗೂ ಹಿಡಿಸಿಲ್ಲಂತ. ಒಂದೂ ವನ್ಸ್ ಮೋರ್ ಬೀಳಲಿಲ್ಲ."

ಮಾವಶಿ ನಗಲು ಹೋಗಿ ಕೆಮ್ಮಿದಳು, ಕೆಮ್ಮಿ ಮತ್ತೆ ನಕ್ಕಳು. "ಅಯ್ಯ ನಮ್ಮವ್ವಾ! ನಾವು ಒದರಬೇಕೇನ್ರಿ ಹಂಗಾರ? ಬಾಜೂಕ ಅತ್ತಿ ಕುಂತಿರತಾಳ, ಆ ಕಡೆ ಗಂಡನ ಗೆಳ್ಯಾರ ಇರತಾರ. ನಾ ಒದರಿದ್ರ ಮನಿಗೆ ಹೋದ ಮ್ಯಾಲ ನಮ್ಮ ನಾಟಕ ಸುರು ಆಕ್ಕೈತಿ! ನಾವು ಸುಮ್ಮನ ಗುನಗತೇವ್ರಿ. ನಮ್ಮ ಹಾಡ ನಮಗ ಯಾಕ ವನ್ಸ್ ಮೋರ್?"

ನನ್ನ ಕೈಯಲ್ಲಿದ್ದ ಅಳತೆಯ ಲೋಟ ಓರೆಯಾಗಿ ಔಷಧ ಮೇಜಿನ ಮೇಲೆ ಚೆಲ್ಲಿತು. ನನ್ನ ನೌಕರಿಯಲ್ಲಿ ಹಾಗಾದದ್ದು ಅದೊಂದೇ ಸಲ. ಮೊದಲ ದಿನ ನಾನು ಅವಳ ಹಿಂದೆಯೇ, ಎರಡು ಬೆಂಚು ಆಚೆ, ಕುಳಿತಿದ್ದೆ. ಹಾಡು ನಡೆದಾಗ ಸುತ್ತಲೂ ಏನೋ ಗುಂಯ್ ಎನ್ನುವ ಸದ್ದು ನನ್ನ ಕಿವಿಗೂ ಬಿದ್ದಿತ್ತು. ಆದರೆ ನನ್ನ ಲಕ್ಷ್ಯವೆಲ್ಲ ಗಂಡಸರ ಕುರ್ಚಿಗಳ ಕಡೆಗೆ, ಕೂಗು ಯಾವಾಗ ಏಳುತ್ತದೆ ಎಂದು...

ಎರಡು ಗಂಟೆಗೆ ಕೆಲಸ ಮುಗಿದ ತಕ್ಷಣ ಅಂಗಡಿಗೆ ಹೋದೆ. ದರ್ಜಿ, ತಲಾಠಿ ಇಬ್ಬರೂ ಇದ್ದರು. ಮಾವಶಿ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ.

"ಹೆಂಗಸರು ಒದರೂದಿಲ್ಲಂತ ನನಗ ಗೊತ್ತಿಲ್ಲೇನ್ರಿ ಸಿಸ್ಟರ್?" ಎಂದರು ಕಾಕಾ, ಸ್ವಲ್ಪ ಸಿಟ್ಟಿನಿಂದಲೇ. ಆಮೇಲೆ ಅವರ ಕೈ ನಿಂತಿತು. ತೊಳೆಯುತ್ತಿದ್ದ ಗ್ಲಾಸು ನೀರಿನಲ್ಲೇ ಉಳಿಯಿತು. ತಮ್ಮ ಮಾತನ್ನು ತಾವೇ ಮೊದಲ ಸಲ ಕೇಳಿಸಿಕೊಂಡವರ ಹಾಗೆ ಇದ್ದರು.

"ಹಲಗಿ ಅಂದ್ರ ಹಲಗಿ," ಎಂದ ದರ್ಜಿ. "ಬರದದ್ದ ಒರಸಿದ್ರ ನಾಳೆ ನಿಮ್ಮನ್ನ ಯಾರ ನಂಬತಾರ ಕಾಕಾ?"

ಕಾಕಾ ಗ್ಲಾಸು ಒರೆಸಿಟ್ಟು ಹಲಗೆಯ ಕಡೆ ನೋಡಿದರು.

ಸಂಜೆ ಆರಕ್ಕೆ, ಗಿರಾಕಿ ಹೆಚ್ಚಿರುವ ಹೊತ್ತಿನಲ್ಲೇ, ಅವರು ಸ್ಟೋವ್ ಆರಿಸಿದರು. ಸ್ಟೂಲು ಎತ್ತಿಕೊಂಡು, "ಬರ್ರಿ ಸಿಸ್ಟರ್," ಎಂದು ಥಿಯೇಟರನ್ನು ಸುತ್ತಿಕೊಂಡು ನಡೆದರು. ಇಪ್ಪತ್ತು ವರ್ಷ ಆ ಬಯಲಿನಲ್ಲೇ ಇದ್ದವರು ಆ ಬದಿಗೆ ಬಂದಿರಲೇ ಇಲ್ಲ. ಇವತ್ತೇ ಕಡೆಯ ಆಟವೆಂದು ಮಾವಶಿ ವಖಾರಿಯಲ್ಲಿ ಹೇಳಿದ್ದಳೇನೋ, ಹೆಂಗಸರು ಕೆಲಸ ಬಿಟ್ಟು ನೇರವಾಗಿ ಗುಂಪು ಗುಂಪಾಗಿ ಒಳಗೆ ಹೋಗುತ್ತಿದ್ದರು. ಹೆಂಗಸರ ಬಾಗಿಲಿನ ಪಕ್ಕ, ತಗಡಿನ ಗೋಡೆಗೆ ಒಂದು ಮೊಳ ದೂರದಲ್ಲಿ ಸ್ಟೂಲು ಹಾಕಿ ಕುಳಿತರು. ನಾನು ಪಕ್ಕದಲ್ಲಿ ನಿಂತೆ. ಒಳಗೆ ಹೋಗಿದ್ದರೆ ಬೆಂಚು ಸಿಗುತ್ತಿತ್ತು, ಹೋಗಲಿಲ್ಲ.

ಎರಡನೆಯ ಅಂಕದಲ್ಲಿ ತಾಯಿ ಜರಡಿ ಹಿಡಿದು ಹಾಡುವ ಹಾಡು ಬಂತು. ಮೊದಲು ನಟಿಯ ದನಿ, ಪೇಟಿ, ತಬಲಾ. ಅದರ ಕೆಳಗೆ ಇನ್ನೊಂದು ಸದ್ದು. ಶ್ರುತಿಪೆಟ್ಟಿಗೆ ಇರಬೇಕು ಎಂದುಕೊಂಡೆ. ಅಲ್ಲ. ಆ ಸದ್ದು ಹಾಡಿನ ಜೊತೆಗೇ ಏರುತ್ತಿತ್ತು, ಹಾಡಿನ ಜೊತೆಗೇ ಇಳಿಯುತ್ತಿತ್ತು. ನೂರಾರು ಹೆಂಗಸರು ತುಟಿ ಬಿಚ್ಚದೆ ಹಾಡುತ್ತಿದ್ದರು. ಜರಡಿಯನ್ನು ಎಡಕ್ಕೂ ಬಲಕ್ಕೂ ಎಳೆಯುವ ಲಯಕ್ಕೆ ಸರಿಯಾಗಿ ಒಳಗಿನ ಬೆಂಚುಗಳು ಕಿರುಗುಟ್ಟುತ್ತಿದ್ದವು. ನಾನು ತಗಡಿಗೆ ಅಂಗೈ ಇಟ್ಟೆ. ತಗಡು ಸಣ್ಣಗೆ ನಡುಗುತ್ತಿತ್ತು, ಜ್ವರ ಬಂದವರ ಮೈಯ ಹಾಗೆ. ಎಷ್ಟೋ ಜನರ ನಾಡಿ ಹಿಡಿದಿದ್ದೇನೆ, ಅಷ್ಟು ದೊಡ್ಡ ನಾಡಿಯನ್ನು ಮೊದಲೂ ಹಿಡಿದಿರಲಿಲ್ಲ, ಆಮೇಲೂ ಹಿಡಿಯಲಿಲ್ಲ.

ಕಾಕಾ ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಮಧ್ಯಂತರದಲ್ಲಿ ಗಂಡಸರು ಚಹಾಕ್ಕೆಂದು ಹೊರಗೆ ಬಂದಾಗ ಸ್ಟೋವ್ ತಣ್ಣಗಿತ್ತು, ಕಾಕಾ ಹಲಗೆಯ ಮುಂದೆ ನಿಂತಿದ್ದರು. ಬರೆದದ್ದನ್ನು ಒರೆಸಲಿಲ್ಲ. ಅದರ ಕೆಳಗೆ, ಎಲ್ಲರೂ ನೋಡುತ್ತಿರುವಾಗಲೇ, ಬರೆದರು: 'ತಪ್ಪಿದ್ದು ನನ್ನ ಕಿವಿ. ನಾಟಕ ತಪ್ಪಿಲ್ಲ.'

ಕಂಪನಿಯ ಮಾಲಕರು ಬಂದು ಓದಿದರು, ಇನ್ನೊಮ್ಮೆ ಓದಿದರು.

"ಏನ ಕಾಕಾ, ಕಿವಿ ಲಂಚ ತಿಂತೇನ?" ಎಂದು ದರ್ಜಿ ಕೆಣಕಿದ.

"ಲಂಚ ತಿನ್ನಲಿಲ್ಲ," ಎಂದರು ಕಾಕಾ. "ಇಷ್ಟು ವರ್ಷ ಅರ್ಧಾ ಊರಿಗೆ ಬೆನ್ನ ಮಾಡಿ ಕುಂತಿತ್ತು."

"ಹಂಗಾರ ಈಗ ಎಷ್ಟ ದಿನ ಓಡತೈತಿ? ಅದನ್ನರ ಹೇಳ್ರಿ."

"ಗೊತ್ತಿಲ್ಲಪಾ." ಆ ಬಾಯಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ.

ಮಾಲಕರು ಹಳೆಯ ಪೋಸ್ಟರುಗಳನ್ನು ಸುತ್ತಿ ಒಳಗಿಡಲು ಹೇಳಿದರು. ಮರುದಿನ ವಖಾರಿಯ ಹೆಂಗಸರು ಓಣಿ ಓಣಿಯಿಂದ ಬಂದರು. ಗಂಡಸರ ಕುರ್ಚಿಗಳ ಅರ್ಧವನ್ನು ಅವರಿಗೇ ಬಿಡಬೇಕಾಯಿತು. ಕಂಡಕ್ಟರುಗಳು ಹಲಗೆಯ ಸುದ್ದಿ ಒಯ್ದರು, ಕಬ್ಬಿನ ಊರುಗಳಿಂದ ಟ್ರ್ಯಾಕ್ಟರುಗಳು ಬಂದವು, ಈ ಸಲ ಹೆಂಗಸರನ್ನೇ ತುಂಬಿಕೊಂಡು. ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಮುಗಿಯುವವರೆಗೂ ಆ ನಾಟಕ ನಡೆಯಿತು. ಕೊನೆಯ ದಿನದವರೆಗೂ ಒಂದೂ ವನ್ಸ್ ಮೋರ್ ಬೀಳಲಿಲ್ಲ.

ಕಾಕಾ ಮತ್ತೆ ಹಲಗೆಯ ಮೇಲೆ ಬರೆಯಲಿಲ್ಲ. ಊರಿನವರು ಅದನ್ನು ಸೋಲು ಎಂದುಕೊಂಡರು. ನಾನು ಬೇರೆಯದೊಂದನ್ನು ಕಂಡೆ. ಮಧ್ಯಾಹ್ನ ಎರಡರ ನಂತರ ನಾನು ಚಹಾಕ್ಕೆ ಹೋದಾಗ ಅಂಗಡಿಯಲ್ಲಿ ಈಗ ಯಾರೂ ಇರುತ್ತಿರಲಿಲ್ಲ. ಕಾಕಾ ಗ್ಲಾಸು ತೊಳೆಯುತ್ತ ಹಾಡುತ್ತಿದ್ದರು. ನಾನು ಎಂದೂ ಕೇಳಿರದ ಹಾಡುಗಳು. ಒಂದು ದಿನ ಕೇಳಿದೆ, ಇವು ಯಾವ ನಾಟಕದವು ಎಂದು.

"ನಾ ಮೂರ ದಿನ ಅಂತ ಬರದೂವು," ಎಂದರು.

ಅವರ ಮಾತಿನಿಂದ ಬಿದ್ದ ನಾಟಕಗಳ ಹಾಡುಗಳು! ಮೂರು ದಿನ, ಮೂರೇ ಸಲ, ತಗಡಿನ ಹೊರಗಿನಿಂದ ಕೇಳಿದ್ದವು. ಪಲ್ಲವಿಯಿಂದ ಕೊನೆಯ ನುಡಿಯವರೆಗೆ ಒಂದಕ್ಷರ ತಪ್ಪದೆ ಅವರಲ್ಲಿ ಉಳಿದಿದ್ದವು. ಆಡಿದ ಕಂಪನಿಗಳೇ ಮರೆತಿರಬಹುದಾದವು. "ಇವಕ್ಕೂ ಆ ಕಡೆ ಯಾರಾರ ಗುನಗಿರಬೇಕ್ರಿ ಸಿಸ್ಟರ್," ಎನ್ನುತ್ತಿದ್ದರು. ಆಮೇಲೆ ಮುಂದಿನದು. ಅಂಥ ಕಿವಿ, ಅಂಥ ಪ್ರಾಯಶ್ಚಿತ್ತ ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಚಹಾಕ್ಕೆ ನಾನು ಇಟ್ಟುಕೊಂಡಿದ್ದ ವೇಳೆ ಹತ್ತು ನಿಮಿಷ. ಹತ್ತಾಯಿತೆಂದರೆ ಗ್ಲಾಸು ಕೆಳಗಿಟ್ಟು ಏಳುತ್ತಿದ್ದೆ, ಹಾಡು ಎಲ್ಲಿಯೇ ಇರಲಿ. "ಇನ್ನೊಂದ ನುಡಿ ಐತ್ರಿ," ಎಂದು ಅವರು ಎಷ್ಟೋ ಸಲ ಅಂದದ್ದುಂಟು. "ನಾಳೆ ಕೇಳತೇನ್ರಿ ಕಾಕಾ," ಎನ್ನುತ್ತಿದ್ದೆ. ಮರುದಿನ ಅವರು ಬೇರೆ ಹಾಡು ಎತ್ತಿಕೊಂಡಿರುತ್ತಿದ್ದರು.

ಮುಂದೆ ನನಗೆ ರಾಯಬಾಗಕ್ಕೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ನಿಪ್ಪಾಣಿಗೆ ಹೋದಾಗ ಕಾಕಾ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಈಗ ಆ ಬಯಲಿನಲ್ಲಿ ಅಂಗಡಿಗಳ ದೊಡ್ಡ ಕಟ್ಟಡ ಎದ್ದಿದೆ. ಈಚೆಗೆ ಸಂಜೆ ಅಂಗಳದಲ್ಲಿ ಕುಳಿತಾಗ ಆ ಹಾಡುಗಳಲ್ಲಿ ಒಂದು ಬಾಯಿಗೆ ಬರುತ್ತದೆ. ಪಲ್ಲವಿ ಬರುತ್ತದೆ, ಮೊದಲ ನುಡಿ ಬರುತ್ತದೆ. ಅಲ್ಲಿಗೆ ನಿಲ್ಲುತ್ತದೆ. ನಾನು ಗ್ಲಾಸು ಕೆಳಗಿಟ್ಟು ಎದ್ದದ್ದು ಅಲ್ಲಿಯೇ.