ಮಡಚಬಾರದ ಲಂಗ

ಎಂಟು ಪದರ. ಎಲ್ಲಕ್ಕಿಂತ ಮೇಲಿನದು ಒಂಬತ್ತು ಇಂಚು ಅಗಲ, ಎಲ್ಲಕ್ಕಿಂತ ಕೆಳಗಿನದು ಎರಡೇ ಇಂಚು; ನಡುವಿನ ಒಂದೊಂದೂ ತನ್ನ ಮೇಲಿನದಕ್ಕಿಂತ ಒಂದು ಇಂಚು ಕಡಿಮೆ. ಟೇಪು ಹಿಡಿದು ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬ್ಯಾಲೆ ನರ್ತಕಿಯ ಸೊಂಟದ ಸುತ್ತ ತಟ್ಟೆಯ ಹಾಗೆ ಅಡ್ಡಲಾಗಿ ನಿಲ್ಲುವ ಆ ಗಿಡ್ಡ ಲಂಗಕ್ಕೆ ಟುಟು ಎಂದು ಹೆಸರು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಕೂತು ಅದರ ಚರಿತ್ರೆಯ ಮೇಲೆ ಎಂ.ಎ. ಪ್ರಬಂಧ ಬರೆಯುತ್ತಿದ್ದವಳು ನಾನು. ಅಳತೆ ಗೊತ್ತಿತ್ತು, ಚರಿತ್ರೆ ಗೊತ್ತಿತ್ತು. ಅದನ್ನು ಎತ್ತಿಡುವುದು ಹೇಗೆ ಎಂಬುದೊಂದು ಗೊತ್ತಿರಲಿಲ್ಲ. ನಾನು ಓದಿದ ಪುಸ್ತಕಗಳಲ್ಲಿ ಅದು ಇರಲಿಲ್ಲ.

ಆಗ ಊರ ಪಕ್ಕದ ಬೀಸ್ಟನ್ನಿನಲ್ಲಿ ಶೈಲಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಶೈಲಕ್ಕ ಧಾರವಾಡದವರು, ಲ್ಯಾಬಿನಲ್ಲಿ ಕೆಲಸ. ಮೈಸೂರಿನವಳಾದ ನನ್ನ ಜೊತೆ ಬೆಂಗಳೂರಿನ ಕನ್ನಡದಲ್ಲೇ ಮಾತಾಡುತ್ತಿದ್ದರು; ಆಶ್ಚರ್ಯವೋ ಸಲಿಗೆಯೋ ಹೆಚ್ಚಾದಾಗ ಊರಿನ ಮಾತು ಹೊರಬೀಳುತ್ತಿತ್ತು. ಮಗಳು ನಿಧಿಗೆ ಒಂಬತ್ತು ವರ್ಷ. ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಎರಡು ವರ್ಷ ಮೂರನೆಯ ಸಾಲಿನಲ್ಲಿ ಕುಣಿದವಳನ್ನು ಬ್ಯಾಲೆ ಟೀಚರ್ ಮಿಸೆಸ್ ಹಾಲಮ್ ಆ ಶನಿವಾರದ ಪ್ರದರ್ಶನಕ್ಕೆ ಮುಂದಿನ ಸಾಲಿಗೆ ತಂದಿದ್ದರು. ಮುಂದಿನ ಸಾಲಿನ ನಾಲ್ವರಿಗೆ ಮಾತ್ರ ನಿಜವಾದ ಟುಟು; ಉಳಿದವರಿಗೆ ಸಾದಾ ಲಂಗ.

ಮನೆಗೆ ಬಂದ ಟುಟುವನ್ನು ಶೈಲಕ್ಕ ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಅಯ್ಯ, ಇದೇನು ಇಷ್ಟು ಗಿಡ್ಡ! ಸೊಳ್ಳಿಪರದಿ ಕತ್ತರಿಸಿ ಹೊಲದಂಗ ಅದ."

"ಮಮ್ಮಿ, ಇಟ್ಸ್ ನಾಟ್ ಎ ಮಸ್ಕೀಟೋ ನೆಟ್!" ಎಂದಳು ನಿಧಿ.

ಶೈಲಕ್ಕನ ಮಾತು ಅಷ್ಟೇನೂ ತಪ್ಪಲ್ಲ. ಇದೇ ಸೀಮೆಯವರು ಬಲೆಬಟ್ಟೆಯನ್ನು ಯಂತ್ರದಲ್ಲಿ ನೇಯಲು ಕಲಿತ ಮೇಲೆಯೇ ಅದು ಅಗ್ಗವಾಗಿ, ಸೊಳ್ಳೆಪರದೆಗೂ ಮದುವಣಗಿತ್ತಿಯ ಮುಸುಕಿಗೂ ನರ್ತಕಿಯ ಲಂಗಕ್ಕೂ ಒದಗಿದ್ದು. ಅದಕ್ಕೂ ಬಹಳ ಮುಂಚೆ ನರ್ತಕಿಯರು ಅರಮನೆಯ ಹೆಂಗಸರ ಹಾಗೆಯೇ ನೆಲ ಮುಟ್ಟುವ ಭಾರದ ಲಂಗಗಳಲ್ಲಿ ಕುಣಿಯುತ್ತಿದ್ದರು. ಪ್ಯಾರಿಸಿನಲ್ಲಿ ಒಬ್ಬಳು, ಕಷ್ಟಪಟ್ಟು ಕಲಿತ ಹೆಜ್ಜೆ ಜನಕ್ಕೆ ಕಾಣಲಿ ಎಂದು ಅಂಚನ್ನು ನಾಲ್ಕು ಬೆರಳು ಮೇಲೆತ್ತಿಸಿದಾಗ ಊರಲ್ಲಿ ಗುಲ್ಲೆದ್ದಿತಂತೆ. ಅಲ್ಲಿಂದ ಮೀನಖಂಡಕ್ಕೆ, ಮೊಣಕಾಲಿಗೆ, ಆಮೇಲೆ ಸೊಂಟದ ಮಟ್ಟಕ್ಕೆ ಏರಲು ನೂರು ವರ್ಷದ ಮೇಲಾಯಿತು. ಹೆಜ್ಜೆ ಕಠಿಣವಾದಂತೆಲ್ಲ ಲಂಗ ಗಿಡ್ಡವಾಯಿತು. ಇದನ್ನೆಲ್ಲ ವಿವರಿಸಿದೆ.

"ಹಂಗಾದ್ರ ನಿಧಿ ಕಲಿತಿರೋ ಹೆಜ್ಜಿಗೆ ಇನ್ನೊಂದು ಗೇಣು ಉದ್ದ ಇರಬಹುದಿತ್ತು," ಎಂದರು ಶೈಲಕ್ಕ.

ಟುಟುವಿಗೆ ಸೇರಿಸಿ ಹೊಲಿದ ರವಿಕೆಯ ಭುಜದ ಪಟ್ಟಿ ಬಿಗಿಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನೇ ಓದುತ್ತಿರುವವಳಲ್ಲವೇ? ಬುಧವಾರ ಸಂಜೆ ಹೊಲಿದು, ಬಹಳ ಎಚ್ಚರಿಕೆಯಿಂದ ಮಡಚಿದೆ. ನಮ್ಮ ಮನೆಯಲ್ಲಿ ಒಳ್ಳೆಯ ಬಟ್ಟೆಗೆ ತೋರುವ ಮರ್ಯಾದೆಯೆಂದರೆ ಅದೇ: ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ, ಹಳೆಯ ದಿಂಬಿನ ಗವಸು, ಮೇಲೊಂದು ಭಾರ. ಅಮ್ಮ ರೇಷ್ಮೆ ಸೀರೆಗೆ ಹಾಗೆ ಮಾಡುತ್ತಿದ್ದರು. ಭಾರಕ್ಕೆ ನಾನು ಬ್ಯಾಲೆ ಉಡುಪಿನ ಚರಿತ್ರೆಯ ಎರಡು ದಪ್ಪ ಪುಸ್ತಕಗಳನ್ನೇ ಇಟ್ಟೆ.

ಶುಕ್ರವಾರ ಸಂಜೆ ಚರ್ಚಿನ ಹಾಲಿನಲ್ಲಿ ರಿಹರ್ಸಲ್. ಶೈಲಕ್ಕ ಗವಸಿನಿಂದ ಹೊರತೆಗೆದದ್ದು ಹೋಟೆಲಿನಿಂದ ಪಾರ್ಸೆಲ್ ತಂದ ದೋಸೆಯಂತಿತ್ತು. ಕೊಡವಿದರೂ ಬಿಚ್ಚಿಕೊಳ್ಳಲಿಲ್ಲ.

"ಹೂ ಫೋಲ್ಡೆಡ್ ಇಟ್, ಮಿ ಡಕ್?" ಎಂದರು ಮಿಸೆಸ್ ಹಾಲಮ್. ಆ ಸೀಮೆಯಲ್ಲಿ ಅಕ್ಕರೆಗೆ ಯಾರನ್ನಾದರೂ ಬಾತುಕೋಳಿ ಎಂದೇ ಕರೆಯುವುದು. ಅಕ್ಕರೆಯಿದ್ದರೂ ಪ್ರಶ್ನೆ ಪ್ರಶ್ನೆಯೇ.

ಶೈಲಕ್ಕ ನನ್ನತ್ತ ಒಮ್ಮೆ ನೋಡಿದರು. "ಇಟ್ ವಾಸ್ ಮಿ, ಸಾರಿ. ವಿ ಫೋಲ್ಡ್ ಎವ್ರಿಥಿಂಗ್."

ನಾನು ಎಲ್ಲರ ಕೋಟುಗಳನ್ನು ಹಿಡಿದು ನಿಂತಿದ್ದೆ. ಇನ್ನಷ್ಟು ಗಟ್ಟಿಯಾಗಿ ಹಿಡಿದೆ. ಮಿಸೆಸ್ ಹಾಲಮ್ ತಮ್ಮ ಅಟ್ಟದ ಟ್ರಂಕಿನಲ್ಲಿದ್ದ ಹಳೆಯ ಟುಟುಗಳನ್ನು ಸೋಮವಾರ ನನಗೆ ತೋರಿಸುವವರಿದ್ದರು. ನನ್ನ ಕೊನೆಯ ಅಧ್ಯಾಯ ಆ ಟ್ರಂಕಿನಲ್ಲಿತ್ತು. ಮಿತಭಾಷಿ ಎಂಬ ಹೆಸರು ಇಂಥ ಹೊತ್ತಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಟುಟುವನ್ನು ತಲೆಕೆಳಗಾಗಿ, ಬಾವಲಿಯ ಹಾಗೆ ತೂಗುಹಾಕಬೇಕೆಂದು ಅವರು ಶೈಲಕ್ಕನಿಗೆ ಒಂದೊಂದೇ ಪದ ಬಿಡಿಸಿ ಹೇಳಿದರು. ಕೆಟಲ್ ತರಿಸಿ ಹಬೆ ಹಿಡಿದರು. ಎಡಭಾಗ ಎದ್ದು ನಿಂತಿತು. ಬಲಭಾಗ ಏಳಲಿಲ್ಲ. ನಿಧಿಯ ಅಳತೆಗೆ ಬೇರೆ ಟುಟು ಇರಲಿಲ್ಲ. ನಿಧಿ ಸಾದಾ ಲಂಗ ಹಾಕಿಕೊಂಡು ಮೂರನೆಯ ಸಾಲಿಗೆ ವಾಪಸ್ಸು ಹೋದಳು. ಹೋಗುವಾಗ, "ಯು ರೂಯಿನ್ಡ್ ಇಟ್, ಮಮ್ಮಿ," ಎಂದಳು, ಕೂಗದೆ. ಕೂಗಿದ್ದರೆ ಚೆನ್ನಾಗಿತ್ತು.

ಬಲೆಬಟ್ಟೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅನಾಹುತಗಳಿವೆ ಎಂದು ಬಸ್ಸಿನಲ್ಲಿ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಗ್ಯಾಸ್ ದೀಪಗಳ ಕಾಲದಲ್ಲಿ ಲಂಗಕ್ಕೆ ಬೆಂಕಿ ತಗುಲಿ ನರ್ತಕಿಯರು ಸತ್ತಿದ್ದಾರೆ. ಬೆಂಕಿ ತಡೆಯುವ ದ್ರಾವಣವಿತ್ತು. ಅದರಲ್ಲಿ ಅದ್ದಿದರೆ ಬಟ್ಟೆ ಮಾಸಲಾಗುತ್ತದೆಂದು ಕೆಲವರು ಬೇಡವೆಂದರು. ಚೆನ್ನಾಗಿ ಕಾಣಬೇಕೆಂಬ ಆಸೆ ಮನುಷ್ಯರಿಂದ ಏನೆಲ್ಲ ಮಾಡಿಸುತ್ತದೆ ಎಂದು ಮೂರನೆಯ ಅಧ್ಯಾಯದಲ್ಲಿ ಬರೆದಿದ್ದೆ, ಬೇರೆಯವರ ಬಗ್ಗೆ.

ಶನಿವಾರ ಪ್ರದರ್ಶನ ಮುಗಿಸಿ ಬರುವಾಗ ಬಸ್ ಸ್ಟಾಪಿನಲ್ಲಿ, ಗೆಳತಿಯ ಮದುವೆಗೆ ಮುಂಚಿನ ಮೋಜಿಗೆ ಹೊರಟ ಆರು ಹುಡುಗಿಯರಿದ್ದರು. ಜೀನ್ಸ್ ಮೇಲೆ ಗುಲಾಬಿ ಟುಟು, ಕೈಯಲ್ಲಿ ಚಿಪ್ಸ್. ಮೊದಲು ನರ್ತಕಿ ಫ್ಯಾಷನ್ನಿನಿಂದ ಲಂಗ ಪಡೆದಳು, ಆಮೇಲೆ ಫ್ಯಾಷನ್ ಅವಳಿಂದ ಪಡೆಯಿತು. ಎರಡನೆಯ ಮಹಾಯುದ್ಧ ಮುಗಿದು ಬಟ್ಟೆಯ ಬರ ನೀಗುವ ಹೊತ್ತಿಗೆ ಪ್ಯಾರಿಸಿನ ದರ್ಜಿಗಳು ಸೊಂಟ ಬಿಗಿದು, ಕೆಳಗೆ ಪದರ ಪದರ ಬಲೆಬಟ್ಟೆ ತುಂಬಿದರು. ಆ ಲಂಗವೇ ಇಳಿಯುತ್ತಾ ಇಳಿಯುತ್ತಾ ಈ ಬಸ್ ಸ್ಟಾಪಿಗೆ ಬಂದಿತ್ತು. ಹುಡುಗಿಯರು ಅದರ ಮೇಲೆಯೇ ಕೂತಿದ್ದರು, ಯಾರಿಗೂ ಚಿಂತೆಯಿರಲಿಲ್ಲ. ನಿಧಿ ಅವರನ್ನು ನೋಡಿದಳು. ಅಮ್ಮನನ್ನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಮ್ಮನಿಗೆ ಬೆನ್ನು ಮಾಡಿ ಸೀರಿಯಲ್ ತಿನ್ನುತ್ತಿದ್ದಳು. ನಾನು ಎದುರಿನ ಕುರ್ಚಿ ಎಳೆದು ಕೂತೆ. ಒಂದು ಪದವೂ ತಪ್ಪದಿರಲಿ ಎಂದು ಇಂಗ್ಲಿಷಿನಲ್ಲೇ ಹೇಳಿದೆ: ಮಡಚಿದವಳು ನಾನು, ನಿನ್ನ ಅಮ್ಮ ಅಲ್ಲ.

ನಿಧಿ ಚಮಚ ಕೆಳಗಿಟ್ಟಳು. "ದೆನ್ ವೈ ಡಿಡ್ ಯು ಲೆಟ್ ಹರ್ ಟೇಕ್ ದ ಬ್ಲೇಮ್?"

"ಹೆದರಿಕೆ," ಎಂದೆ. ಅದು ಮಾತ್ರ ಕನ್ನಡದಲ್ಲಿ ಬಂತು.

ಒಲೆಯ ಹತ್ತಿರದಿಂದ ಶೈಲಕ್ಕ, "ಬಿಡವಾ, ನೋಡಿದ ಕೂಡ್ಲೇ ನಿನ್ನ ಕೈ ಅಂತ ಗೊತ್ತಾತು. ನಾ ಮಡಚಿದ್ರ ಅಷ್ಟು ಛಂದ ಇರ್ತಿತ್ತೇನು?" ಎಂದರು.

"ಮತ್ತೆ ನೀವ್ಯಾಕೆ ಒಪ್ಕೊಂಡ್ರಿ, ಅಕ್ಕಾ?"

"ನಾಳೆ ಆಕಿ ನಿನಗ ಟ್ರಂಕ್ ತೋರಿಸಬೇಕಲ್ಲ!"

"ಮಮ್ಮಿ, ಯು ಡೋಂಟ್ ಈವನ್ ಫೋಲ್ಡ್ ಟವೆಲ್ಸ್," ಎಂದಳು ನಿಧಿ, ಕುರ್ಚಿಯನ್ನು ಅಮ್ಮನ ಕಡೆ ತಿರುಗಿಸಿಕೊಂಡು.

ನಾನು ಎದ್ದು ಮೆಟ್ಟಿಲ ಕೆಳಗಿನ ಫೋನಿನ ಬಳಿ ಹೋಗಿ ಮಿಸೆಸ್ ಹಾಲಮ್ ಅವರ ನಂಬರ್ ಒತ್ತಿದೆ. ಅವರು ಎತ್ತಿಕೊಳ್ಳುವುದರೊಳಗೆ ಮೂರು ವಾಕ್ಯಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಮಡಚಿದವಳು ನಾನು ಎಂಬ ಮೊದಲನೆಯದೇ ಸಾಕಾಯಿತು.